ಯುದ್ಧನೌಕೆಗಳ ಸನ್ನದ್ಧತೆಗೆ ಗಣಿತದ ಯೋಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ಸ್ ರಿಸರ್ಚ್ (ಇರುವ ಜನ, ಯಂತ್ರ, ಸಮಯವನ್ನು ಚೆನ್ನಾಗಿ ಬಳಸುವ ತೀರ್ಮಾನಗಳ ಗಣಿತ) ಪಾಠ ಮಾಡುವಾಗ ನೌಕಾಪಡೆಯ ಉದಾಹರಣೆ ಬಂದರೆ ಸಾಕು, ತರಗತಿಯ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಆಗ ಬರುವ ಪ್ರಶ್ನೆಗಳನ್ನೂ ಕಾರವಾರದ ಕಡೆಯ ಗೆಳೆಯರು ಕೇಳಿದ್ದನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಇದರಲ್ಲಿ ಗುಟ್ಟಿನ ಮಾಹಿತಿ ಏನೂ ಇಲ್ಲ. ಎಲ್ಲವೂ ಸಾರ್ವಜನಿಕವಾಗಿ ಪ್ರಕಟವಾಗಿರುವುದೇ.

ಸನ್ನದ್ಧತೆ ಅಂದರೆ ನಿಖರವಾಗಿ ಏನು? ಧಕ್ಕೆಯಲ್ಲಿ ನಿಂತಿರುವ ಹಡಗೆಲ್ಲ ಸನ್ನದ್ಧವೇ ಅಲ್ಲವೇ?

ಅಲ್ಲ. ಶೆಡ್ಡಿನಲ್ಲಿ ನಿಂತ ಲಾರಿಗೆ ಎಫ್‌ಸಿ ಮುಗಿದಿರಬಹುದು, ಡ್ರೈವರ್ ರಜೆಯಲ್ಲಿರಬಹುದು, ಗೇರ್‌ಬಾಕ್ಸ್ ಬಿಚ್ಚಿಟ್ಟಿರಬಹುದು. ಹೊರಗಿನಿಂದ ನೋಡಿದವರಿಗೆ ಅದು ಲಾರಿಯೇ. ಯುದ್ಧನೌಕೆಯದೂ ಇದೇ ಕತೆ. ಒಡಲು, ಎಂಜಿನ್, ರಾಡಾರ್, ಶಸ್ತ್ರ, ಸಂಪರ್ಕ ವ್ಯವಸ್ಥೆ ಎಲ್ಲ ಕೆಲಸ ಮಾಡಬೇಕು. ಸಿಬ್ಬಂದಿ ಪೂರ್ತಿ ಇರಬೇಕು. ಅವರು ಒಟ್ಟಾಗಿ ಅಭ್ಯಾಸ ಮಾಡಿ ಪ್ರಮಾಣಪತ್ರ ಪಡೆದಿರಬೇಕು, ಅದರ ಅವಧಿ ಮುಗಿದಿರಬಾರದು. ಇವಿಷ್ಟೂ ಒಂದೇ ದಿನ ಕೂಡಿಬಂದಾಗ ಮಾತ್ರ ಹಡಗು ಸನ್ನದ್ಧ.

ಕೂಡಿಬರುವುದು ಎಷ್ಟು ಕಷ್ಟ ಅಂತ ಒಂದು ಗುಣಾಕಾರ ತೋರಿಸುತ್ತದೆ. ಹತ್ತು ಮುಖ್ಯ ವ್ಯವಸ್ಥೆಗಳಿವೆ, ಒಂದೊಂದೂ ಶೇ 95ರಷ್ಟು ಸಮಯ ಸರಿಯಾಗಿರುತ್ತದೆ, ಒಂದರ ಕೇಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಅಂತಿಟ್ಟುಕೊಳ್ಳಿ. ಹತ್ತೂ ಏಕಕಾಲಕ್ಕೆ ಸರಿಯಿರುವ ಸಂಭವ 0.95 ಅನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ 60. ಪ್ರತಿ ವಿಭಾಗದವರೂ ‘ನಮ್ಮದು 95’ ಅಂತ ಬೆನ್ನು ತಟ್ಟಿಕೊಳ್ಳುತ್ತಾರೆ, ಹಡಗು ಮಾತ್ರ ಹತ್ತರಲ್ಲಿ ನಾಲ್ಕು ದಿನ ಹೊರಡಲಾರದು.

ಇದಕ್ಕೆ ಗಣಿತ ಯಾಕೆ? ಒಬ್ಬ ಅನುಭವಿ ಅಧಿಕಾರಿ, ಗೋಡೆಯ ಮೇಲೊಂದು ದೊಡ್ಡ ಕ್ಯಾಲೆಂಡರ್ ಸಾಲದೇ?

ಬಹಳ ಕಾಲ ಅದರಲ್ಲೇ ನಡೆಯಿತು, ಈಗಲೂ ಹಲವೆಡೆ ಹಾಗೇ ನಡೆಯುತ್ತದೆ. ತೊಂದರೆ ಬರುವುದು ಎಣಿಕೆಯಲ್ಲಿ. 20 ಹಡಗುಗಳಿವೆ, ಪ್ರತಿಯೊಂದರ ರಿಫಿಟ್ (ಬಿಚ್ಚಿ ಮಾಡುವ ದೊಡ್ಡ ರಿಪೇರಿ) ಮುಂದಿನ 36 ತಿಂಗಳಲ್ಲಿ ಯಾವ ತಿಂಗಳಾದರೂ ಶುರುವಾಗಬಹುದು ಅಂದರೆ, ಸಾಧ್ಯ ಯೋಜನೆಗಳು 1ರ ಮುಂದೆ 31 ಸೊನ್ನೆ ಇಟ್ಟರೆ ಆಗುವುದಕ್ಕಿಂತ ಹೆಚ್ಚು. ಅನುಭವಿ ಅಧಿಕಾರಿ ಅದರಲ್ಲಿ ಒಂದು ‘ನಡೆಯಬಹುದಾದ’ ಯೋಜನೆಯನ್ನು ಹುಡುಕಿಕೊಡುತ್ತಾರೆ. ಅದಕ್ಕಿಂತ ಒಳ್ಳೆಯದು ಇತ್ತೇ, ಇದ್ದರೆ ಎಷ್ಟು ಒಳ್ಳೆಯದು ಅಂತ ಅವರು ಹೇಳಲಾರರು.

ಗಣಿತದ ಬಲ ಇರುವುದು ಅಲ್ಲಿ. 1960ರಲ್ಲಿ ಲಂಡನ್ನಿನ ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ ಪ್ರಕಟಿಸಿದ, ಮುಂದೆ ‘ಬ್ರಾಂಚ್ ಅಂಡ್ ಬೌಂಡ್’ ಅಂತ ಹೆಸರಾದ ವಿಧಾನ ಸಾಧ್ಯತೆಗಳ ಮರವನ್ನು ಕೊಂಬೆ ಕೊಂಬೆಯಾಗಿ ಪರೀಕ್ಷಿಸುತ್ತದೆ. ಈ ಕೊಂಬೆಯಲ್ಲಿ ಎಷ್ಟು ಹುಡುಕಿದರೂ ಈಗ ಕೈಯಲ್ಲಿರುವುದಕ್ಕಿಂತ ಒಳ್ಳೆಯದು ಸಿಗದು ಅಂತ ಗೊತ್ತಾದ ಕೂಡಲೇ ಇಡೀ ಕೊಂಬೆಯನ್ನೇ ಕಡಿದುಹಾಕುತ್ತದೆ. ನಡುವೆ ನಿಲ್ಲಿಸಿದರೂ ‘ನಿಮ್ಮ ಕೈಲಿರುವ ಯೋಜನೆ ಅತ್ಯುತ್ತಮಕ್ಕಿಂತ ಹೆಚ್ಚೆಂದರೆ ಶೇ 2 ಕಡಿಮೆ’ ಅನ್ನುವಂಥ ಖಾತರಿ ಕೊಡುತ್ತದೆ. ಯಾವ ಅನುಭವಿಯೂ ಈ ಖಾತರಿ ಕೊಡಲಾರ.

ಇಂಥ ಗಣಿತದ ಮಾದರಿಯೊಳಗೆ ಏನೇನು ಇರುತ್ತದೆ?

ಮೂರು ಸಂಗತಿ. ಮೊದಲನೆಯದು ನಾವು ತೀರ್ಮಾನಿಸಬೇಕಾದ್ದು: ‘ಈ ಹಡಗಿನ ರಿಫಿಟ್ ಈ ತಿಂಗಳು, ಈ ಡಾಕ್‌ನಲ್ಲಿ ಶುರುವಾಗಲಿ’ ಅನ್ನುವ ಪ್ರತಿ ಸಾಧ್ಯತೆಗೂ ಒಂದು ಚರ. (ಡಾಕ್ ಅಂದರೆ ಹಡಗನ್ನು ಒಣಗಿಟ್ಟು ರಿಪೇರಿ ಮಾಡುವ ಜಾಗ.) ಅದರ ಬೆಲೆ 1 ಅಂದರೆ ಹೌದು, 0 ಅಂದರೆ ಇಲ್ಲ. ಅರ್ಧ ಹಡಗನ್ನು ಡಾಕ್‌ಗೆ ಏರಿಸಲು ಬರುವುದಿಲ್ಲವಲ್ಲ, ಅದಕ್ಕೇ ಇದು ಪೂರ್ಣಾಂಕಗಳ ಲೆಕ್ಕ, ಅದಕ್ಕೇ ಇಷ್ಟು ಕಷ್ಟ.

ಎರಡನೆಯದು ನಿರ್ಬಂಧಗಳು. ನಮ್ಮದೇ ಕರಾವಳಿಯಲ್ಲಿ ಒಂದು ನೋಡಿ. ಕಾರವಾರದ ನೌಕಾನೆಲೆಯಲ್ಲಿರುವ ಶಿಪ್ ಲಿಫ್ಟ್ 10,000 ಟನ್ ತನಕದ ಹಡಗನ್ನು ನೀರಿನಿಂದ ಎತ್ತಿ ದಡದ ಮೇಲಿನ ಒಣ ಜಾಗಕ್ಕೆ ಸರಿಸಿಬಿಡುತ್ತದೆ. ಲಿಫ್ಟ್ ಒಂದೇ ಆದರೂ ಏಕಕಾಲಕ್ಕೆ ಹಲವು ಹಡಗುಗಳ ರಿಪೇರಿ ನಡೆಯುತ್ತದೆ. ಆದರೆ ಅದೇ ಕಾರವಾರವನ್ನು ಮನೆ ಮಾಡಿಕೊಂಡಿರುವ ವಿಮಾನವಾಹಕ ವಿಕ್ರಮಾದಿತ್ಯದ ತೂಕ ಸುಮಾರು 44,500 ಟನ್. ಅದು ಮನೆಯಂಗಳದ ಲಿಫ್ಟ್ ಬಿಟ್ಟು ಕೊಚ್ಚಿಯ ಡಾಕ್‌ಗೆ ಹೋಗಬೇಕು. ಅದರ ರಿಫಿಟ್ ಮತ್ತು ಡಾಕಿಂಗ್‌ಗೆ 2024ರ ನವೆಂಬರ್ 30ರಂದು ರಕ್ಷಣಾ ಸಚಿವಾಲಯ 1,207.5 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡದ್ದು ಕೊಚ್ಚಿಯ ಶಿಪ್‌ಯಾರ್ಡ್ ಜೊತೆಗೇ. ಮಾದರಿಯಲ್ಲಿ ಇದು ಒಂದೇ ಸಾಲು: ‘ಈ ಹಡಗು, ಆ ಲಿಫ್ಟ್, ಬೆಲೆ ಸೊನ್ನೆ’. ಹೀಗೇ ವೆಲ್ಡರ್‌ಗಳ ಸಂಖ್ಯೆ, ಕ್ರೇನ್, ಹಣ, ಎರಡು ರಿಫಿಟ್‌ಗಳ ನಡುವಿನ ಗರಿಷ್ಠ ಅಂತರ ಎಲ್ಲಕ್ಕೂ ಒಂದೊಂದು ಸಾಲು. ಪಶ್ಚಿಮ ಕರಾವಳಿಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿಗೂ ಒಂದು ಸಾಲು ಇಡದೆ ಗತಿಯಿಲ್ಲ. ಅಬ್ಬರದ ಕಡಲಿನಲ್ಲಿ ಪರೀಕ್ಷಾ ಯಾನ ಇಟ್ಟುಕೊಂಡರೆ ದಿನಗಳು ಕೈಜಾರುತ್ತವೆ.

ಮೂರನೆಯದು ಗುರಿ, ಅಂದರೆ ಯಾವುದನ್ನು ಹೆಚ್ಚಿಸಬೇಕು ಅಥವಾ ತಗ್ಗಿಸಬೇಕು ಅನ್ನುವುದು. ನೋಡಲು ಸುಲಭ, ಹೆಚ್ಚಿನವರು ಎಡವುವುದೂ ಇಲ್ಲೇ. ಕೆಳಗೆ ಮತ್ತೆ ಅದಕ್ಕೆ ಬರುತ್ತೇನೆ.

ಚಿಕ್ಕದೊಂದು ಲೆಕ್ಕ ಮಾಡಿ ತೋರಿಸಬಹುದೇ?

ಖಂಡಿತ. ಮೂರು ಕಲ್ಪಿತ ಹಡಗು: ಕಾಳಿ, ಶರಾವತಿ, ಅಘನಾಶಿನಿ. (ಹಡಗಿಗೆ ನದಿಯ ಹೆಸರಿಡುವುದು ನಮ್ಮ ನೌಕಾಪಡೆಯ ರೂಢಿಯೇ: ಗಂಗಾ, ಗೋಮತಿ, ಬೇತ್ವಾ ಹೀಗೆ.) ಡಾಕ್ ಒಂದೇ. ವರ್ಷವನ್ನು ಎರಡೆರಡು ತಿಂಗಳ ಆರು ಕಂತುಗಳಾಗಿ ಒಡೆಯೋಣ. ಕಾಳಿಗೆ ಡಾಕ್‌ನಲ್ಲಿ ಒಂದು ಕಂತು ಬೇಕು, ಮಿಕ್ಕ ಎರಡಕ್ಕೆ ಎರಡೆರಡು ಕಂತು. ಡಾಕ್‌ನಿಂದ ಇಳಿದ ಮೇಲೆ ಪ್ರತಿ ಹಡಗಿಗೂ ಪರೀಕ್ಷಾ ಯಾನ, ಸಿಬ್ಬಂದಿಯ ವರ್ಕ್‌ಅಪ್ (ಒಟ್ಟಾಗಿ ಮಾಡುವ ಅಭ್ಯಾಸ) ಅಂತ ಇನ್ನೊಂದು ಕಂತು. ಪ್ರತಿ ಕಂತಿನಲ್ಲೂ ಕನಿಷ್ಠ ಎರಡು ಹಡಗು ಸನ್ನದ್ಧವಾಗಿರಬೇಕು. ಅಘನಾಶಿನಿಯ ಪ್ರಮಾಣಪತ್ರ ಮೂರನೇ ಕಂತಿನ ಕೊನೆಗೆ ಮುಗಿಯುತ್ತದೆ, ಆಮೇಲೆ ಡಾಕ್ ಕಾಣದೆ ಅದು ಕಡಲಿಗಿಳಿಯುವಂತಿಲ್ಲ. ಶರಾವತಿಯ ಪ್ರಮಾಣಪತ್ರಕ್ಕೆ ಇನ್ನೂ ವರ್ಷಕ್ಕಿಂತ ಹೆಚ್ಚು ಅವಧಿಯಿದೆ, ಆದರೆ ಅದು ಹಳೆಯ ಹಡಗು, ಬಿಚ್ಚಿದರೆ ಒಳಗೇನಿದೆಯೋ ಗೊತ್ತಿಲ್ಲ. ಕಾಳಿ ಆಗಲೇ ಡಾಕ್‌ನೊಳಗಿದೆ.

ಸರದಿ ಎರಡೇ: ಕಾಳಿಯ ನಂತರ ಶರಾವತಿ ಮೊದಲೋ, ಅಘನಾಶಿನಿ ಮೊದಲೋ?

ಶರಾವತಿ ಮೊದಲಾದರೆ ಎರಡನೇ ಕಂತಿನಲ್ಲಿ ಕಾಳಿ ವರ್ಕ್‌ಅಪ್‌ನಲ್ಲಿ, ಶರಾವತಿ ಡಾಕ್‌ನಲ್ಲಿ, ಸನ್ನದ್ಧ ಹಡಗು ಒಂದೇ. ನಾಲ್ಕನೇ ಕಂತಿನಲ್ಲಿ ಶರಾವತಿ ವರ್ಕ್‌ಅಪ್‌ನಲ್ಲಿ, ಅಘನಾಶಿನಿ ಡಾಕ್‌ನಲ್ಲಿ, ಮತ್ತೆ ಒಂದೇ. ಒಟ್ಟು ನಾಲ್ಕು ತಿಂಗಳ ಕೊರತೆ. ಸರದಿ ತಿರುಗಿಸಿದರೂ ಕೊರತೆ ಅದೇ ನಾಲ್ಕು ತಿಂಗಳು. ಕೊರತೆಯೇ ಬೇಡ ಅಂದರೆ ಒಂದು ಹಡಗು ಇಳಿದು ವರ್ಕ್‌ಅಪ್ ಮುಗಿಸುವತನಕ ಡಾಕನ್ನು ಖಾಲಿ ಬಿಡಬೇಕು. ಆಗ ಮೂರೂ ಮುಗಿಯಲು ಎಂಟು ಕಂತು, ಅಂದರೆ 16 ತಿಂಗಳು ಹಿಡಿಯುತ್ತದೆ. ‘ಡಾಕ್ ಖಾಲಿ ಬಿಡುವುದೇ?’ ಅಂತ ರಿಪೇರಿ ಯಾರ್ಡಿನವರು ಹೌಹಾರುತ್ತಾರೆ. ಯಾರ್ಡಿಗೆ ಒಳ್ಳೆಯದಾದ್ದು ಪಡೆಗೆ ಒಳ್ಳೆಯದಾಗಬೇಕಿಲ್ಲ ಅನ್ನುವುದು ಇಷ್ಟು ಚಿಕ್ಕ ಲೆಕ್ಕದಲ್ಲೇ ಕಾಣುತ್ತದೆ.

ಈಗ ಹಳೆಯ ಹಡಗನ್ನು ಬಿಚ್ಚಿದಾಗ ತುಕ್ಕು ಕಂಡಿತು, ಒಂದು ಕಂತು ಹೆಚ್ಚು ಬೇಕಾಯಿತು ಅನ್ನಿ. ಶರಾವತಿ ಮೊದಲಿದ್ದ ಯೋಜನೆಯಲ್ಲಿ ನಾಲ್ಕನೇ ಕಂತಿಗೂ ಡಾಕ್ ಖಾಲಿಯಿಲ್ಲ. ಅಘನಾಶಿನಿಯ ಪ್ರಮಾಣಪತ್ರ ಮುಗಿದಿದೆ. ಅದು ಕಡಲಿಗೂ ಇಲ್ಲ, ಡಾಕ್‌ಗೂ ಇಲ್ಲ, ಧಕ್ಕೆಗೆ ಹಗ್ಗ ಕಟ್ಟಿಕೊಂಡು ಕೂತಿದೆ. ಐದನೇ ಕಂತಿನಲ್ಲೂ ಕೊರತೆ. ಒಟ್ಟು ಆರು ತಿಂಗಳು. ಶರಾವತಿಯನ್ನು ಕೊನೆಗಿಟ್ಟ ಯೋಜನೆಯಲ್ಲಾದರೆ ಅದೇ ತುಕ್ಕು, ಅದೇ ವಿಳಂಬ, ಆದರೆ ಅದರ ಹಿಂದೆ ಸಾಲಿನಲ್ಲಿ ಯಾರೂ ಇಲ್ಲ. ಕೊರತೆ ನಾಲ್ಕೇ ತಿಂಗಳಿಗೆ ನಿಲ್ಲುತ್ತದೆ.

ಎಲ್ಲವೂ ಹೇಳಿದ ದಿನಕ್ಕೆ ಮುಗಿಯುತ್ತದೆ ಅಂತ ನಂಬಿದ ಮಾದರಿಗೆ ಈ ಎರಡು ಯೋಜನೆಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅದು ಯಾವುದನ್ನಾದರೂ ಕೊಡಬಹುದು. ವಿಳಂಬವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮಾದರಿ ಮಾತ್ರ ಎರಡನೆಯದನ್ನು ಆರಿಸುತ್ತದೆ. ಈ ವಿದ್ಯೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ: ರಿಪೇರಿಯ ಅವಧಿ ಒಂದು ಸಂಖ್ಯೆಯಲ್ಲ, ಒಂದು ಹರವು.

ನಿಜವಾದ ಹಡಗುಗಳಿಗೆ ಹೀಗೆ ಆಗಿದೆಯೇ?

ಇದಕ್ಕಿಂತ ಕೆಟ್ಟದಾಗಿ ಆಗಿದೆ. ಅಮೆರಿಕದ ಬಾಯ್ಸಿ ಅನ್ನುವ ದಾಳಿ ಜಲಾಂತರ್ಗಾಮಿ 2015ರ ಆರಂಭದಲ್ಲಿ ಕೊನೆಯ ನಿಯೋಜನೆ (ದೂರದ ಕಡಲಿನ ಪಾಳಿ) ಮುಗಿಸಿ ಬಂತು. ದೊಡ್ಡ ರಿಪೇರಿಗೆ ಸರದಿ ಸಿಗಲಿಲ್ಲ. 2017ರಲ್ಲಿ ಮುಳುಗುವ ಪ್ರಮಾಣಪತ್ರವೇ ಹೋಯಿತು. ಮುಳುಗಬಾರದ ಜಲಾಂತರ್ಗಾಮಿ! ರಿಪೇರಿಯ ಮುಖ್ಯ ಗುತ್ತಿಗೆ ಆದದ್ದು 2024ರಲ್ಲಿ, ಸುಮಾರು 120 ಕೋಟಿ ಡಾಲರಿಗೆ. ಆಗ ಹಾಕಿದ ಅಂದಾಜಿನಂತೆ ಕೆಲಸ ಮುಗಿಯಬೇಕಿದ್ದದ್ದು 2029ಕ್ಕೆ.

ಇದು ಒಂಟಿ ಪ್ರಕರಣವಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2020ರಲ್ಲಿ ಕೊಟ್ಟ ವರದಿಯ ಪ್ರಕಾರ, 2015ರಿಂದ 2019ರ ಹಣಕಾಸು ವರ್ಷಗಳಲ್ಲಿ ಅಲ್ಲಿನ ನಾಲ್ಕು ಸರ್ಕಾರಿ ಯಾರ್ಡುಗಳಲ್ಲಿ ಮುಗಿಯಬೇಕಿದ್ದ ವಿಮಾನವಾಹಕ ಮತ್ತು ಜಲಾಂತರ್ಗಾಮಿಗಳ 51 ರಿಪೇರಿಗಳಲ್ಲಿ 38 ತಡವಾದವು. ಒಟ್ಟು ತಡ 7,424 ದಿನ. ಮುಖ್ಯ ಕಾರಣ ಎರಡು: ಬಿಚ್ಚಿದ ಮೇಲೆ ಹೊರಬಿದ್ದ, ಯೋಜನೆಯಲ್ಲಿಲ್ಲದ ಕೆಲಸ, ಮತ್ತೆ ಕೈಗಳ ಕೊರತೆ. ನಮ್ಮ ಶರಾವತಿಯ ತುಕ್ಕೇ.

ನಮ್ಮಲ್ಲೂ ಉದಾಹರಣೆ ಇದೆ. ಸಿಂಧುಕೀರ್ತಿ ಜಲಾಂತರ್ಗಾಮಿ 2006ರಲ್ಲಿ ವಿಶಾಖಪಟ್ಟಣದಲ್ಲಿ ರಿಫಿಟ್‌ಗೆ ಹೋದದ್ದು ಹೊರಬಂದದ್ದು 2015ರಲ್ಲಿ.

ದೂರದ ಕಡಲಲ್ಲಿ ಸದಾ ಒಂದು ಹಡಗು ಇರಬೇಕಾದರೆ ಒಟ್ಟು ಎಷ್ಟು ಹಡಗು ಬೇಕು?

ಅಮೆರಿಕದ ನೌಕಾಪಡೆ 2014ರಲ್ಲಿ ಜಾರಿಗೆ ತಂದ ‘ಆಪ್ಟಿಮೈಸ್ಡ್ ಫ್ಲೀಟ್ ರೆಸ್ಪಾನ್ಸ್ ಪ್ಲಾನ್’ ತೆಗೆದುಕೊಳ್ಳಿ. 36 ತಿಂಗಳ ಒಂದು ಸುತ್ತು: ಮೊದಲು ರಿಪೇರಿ, ಆಮೇಲೆ ಹಂತಹಂತದ ತರಬೇತಿ, ಏಳು ತಿಂಗಳ ನಿಯೋಜನೆ, ಉಳಿದ ಸಮಯ ಕರೆ ಬಂದರೆ ಹೊರಡುವ ಸ್ಥಿತಿಯಲ್ಲಿ ಕಾಯುವುದು. 36 ಭಾಗಿಸು 7, ಅಂದರೆ ಒಂದನ್ನು ಸದಾ ದೂರದಲ್ಲಿ ನಿಲ್ಲಿಸಲು ಐದಕ್ಕಿಂತ ಸ್ವಲ್ಪ ಹೆಚ್ಚು ಹಡಗು. ಹೋಗಿ ಬರುವ ದಾರಿಯ ದಿನಗಳನ್ನು ಕಳೆದರೆ ಇನ್ನೂ ಏರುತ್ತದೆ. ಹನ್ನೊಂದು ವಿಮಾನವಾಹಕ ಇರಲೇಬೇಕು ಅಂತ ಕಾನೂನೇ ಇರುವ ದೇಶವೂ ದೂರದಲ್ಲಿ ಎರಡು ನಿಲ್ಲಿಸಲು ತಿಣುಕುವುದು ಇದಕ್ಕೇ. ಅಂದಹಾಗೆ ಯೋಜನೆಯ ಹೆಸರಿನಲ್ಲಿ ‘ಆಪ್ಟಿಮೈಸ್ಡ್’ ಇದ್ದ ಮಾತ್ರಕ್ಕೆ ಒಳಗೆ ಮೇಲೆ ಹೇಳಿದಂಥ ಗಣಿತ ಇದೆ ಅಂದುಕೊಳ್ಳಬೇಡಿ. ಅದು ಮುಖ್ಯವಾಗಿ ಒಂದು ಆಡಳಿತದ ಚೌಕಟ್ಟು.

‘ಶೇ 75 ಹಡಗು ಸದಾ ಸನ್ನದ್ಧವಾಗಿರಲಿ’ ಅಂತ ಗುರಿ ಕೊಟ್ಟರೆ ಮುಗಿಯಿತಲ್ಲ?

ಇದನ್ನೇ ಒಮ್ಮೆ ಮಾಡಿ ಕೈಸುಟ್ಟುಕೊಂಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಅಟ್ಲಾಂಟಿಕ್‌ನಲ್ಲಿ ಹುಡುಕುತ್ತಿದ್ದ ಬ್ರಿಟನ್ನಿನ ಕೋಸ್ಟಲ್ ಕಮಾಂಡ್‌ಗೆ ಒಂದು ನಿಯಮವಿತ್ತು: ಪ್ರತಿ ಸ್ಕ್ವಾಡ್ರನ್‌ನ ಶೇ 75 ವಿಮಾನಗಳು ಹಾರಲು ಸಿದ್ಧವಿರಬೇಕು. ಕೇಳಲು ಚೆನ್ನಾಗಿದೆ. ಆದರೆ ಹೆಚ್ಚು ಹಾರಿದರೆ ಹೆಚ್ಚು ಕೆಡುತ್ತದೆ, ಕೆಟ್ಟರೆ ಶೇಕಡಾವಾರು ಇಳಿಯುತ್ತದೆ. ಹಾಗಾಗಿ ಆ ಅಂಕಿಯನ್ನು ಕಾಪಾಡಲು ಸುಲಭದ ದಾರಿ ಅಂದರೆ ವಿಮಾನವನ್ನು ನೆಲದ ಮೇಲೇ ನಿಲ್ಲಿಸುವುದು!

ಅಲ್ಲಿನ ಆಪರೇಷನಲ್ ರಿಸರ್ಚ್ ತಂಡದಲ್ಲಿದ್ದ ಸೆಸಿಲ್ ಗಾರ್ಡನ್ ಮೂಲತಃ ತಳಿವಿಜ್ಞಾನಿ. ಅವರು ಪ್ರಶ್ನೆಯನ್ನೇ ತಿರುಗಿಸಿದರು. ನಮಗೆ ಬೇಕಾದ್ದು ‘ಸಿದ್ಧವಿರುವ ವಿಮಾನ’ವೋ, ಸಮುದ್ರದ ಮೇಲೆ ಕಳೆದ ಗಂಟೆಗಳೋ? ಕೊರತೆ ಇದ್ದದ್ದು ವಿಮಾನದ್ದಲ್ಲ, ಮೆಕ್ಯಾನಿಕ್‌ಗಳ ದುಡಿಮೆಯದು. ಅವರ ಕೈಗೆ ಸದಾ ಕೆಲಸ ಇರುವಷ್ಟು ಹಾರಿಸಿ, ಶೇಕಡಾವಾರನ್ನು ಮರೆತುಬಿಡಿ ಅಂದರು. 502ನೇ ಸ್ಕ್ವಾಡ್ರನ್‌ನಲ್ಲಿ ಪ್ರಯೋಗ ಮಾಡಿದಾಗ ಅಷ್ಟೇ ವಿಮಾನ, ಅಷ್ಟೇ ಜನದಿಂದ ಹಾರಾಟದ ಗಂಟೆಗಳು ಗಣನೀಯವಾಗಿ ಏರಿದವು. ಅದೇ ತಂಡದ ಕಾನ್ರಾಡ್ ವ್ಯಾಡಿಂಗ್ಟನ್ ಇನ್ನೊಂದನ್ನು ಗಮನಿಸಿದರು: 50 ಗಂಟೆಗೊಮ್ಮೆ ಮಾಡುವ ಕಡ್ಡಾಯ ತಪಾಸಣೆ ಮುಗಿದ ಕೂಡಲೇ ಅನಿರೀಕ್ಷಿತ ಕೇಡುಗಳು ಜಾಸ್ತಿಯಾಗುತ್ತಿದ್ದವು. ಸರಿಯಿದ್ದದ್ದನ್ನು ಬಿಚ್ಚಿ ಕೆಡಿಸುತ್ತಿದ್ದರು. ಹಳೆಯ ಸ್ಕೂಟರಿನ ಮಾಲೀಕರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾಗಿ ಗುರಿಸೂತ್ರ ಬರೆಯುವಾಗ ನಾನು ಮೊದಲು ಕೇಳುವುದು: ಈ ಅಂಕಿಯನ್ನು ಯಾರೂ ಕಡಲಿಗಿಳಿಯದೆಯೇ ಏರಿಸಬಹುದೇ? ಹೌದು ಅಂದರೆ ಸೂತ್ರ ತಪ್ಪು. ‘ಸರಾಸರಿ ಸನ್ನದ್ಧತೆ’ ಕೂಡ ಮೋಸದ್ದೇ. ಹತ್ತು ತಿಂಗಳು ಮೂರು ಹಡಗು, ಎರಡು ತಿಂಗಳು ಸೊನ್ನೆ ಅಂದರೆ ಸರಾಸರಿ ಎರಡೂವರೆ. ಶತ್ರು ಬರುವುದು ಆ ಎರಡು ತಿಂಗಳಲ್ಲೇ. ಅದಕ್ಕೇ ಅತಿ ಕೆಟ್ಟ ತಿಂಗಳ ಕೊರತೆಯನ್ನು ತಗ್ಗಿಸು ಅಂತ ಕೇಳುವುದು ವಾಸಿ.

ಬಿಡಿಭಾಗಗಳ ದಾಸ್ತಾನೂ ಇದರಲ್ಲೇ ಬರುತ್ತದೆಯೇ?

ಅದು ಬೇರೆ ಲೆಕ್ಕ, ಆದರೆ ಒಂದೇ ಮನೆಯದು. 1968ರಲ್ಲಿ ರ‍್ಯಾಂಡ್ ಸಂಸ್ಥೆಯ ಕ್ರೇಗ್ ಶೆರ್‌ಬ್ರೂಕ್ ಅಮೆರಿಕದ ವಾಯುಪಡೆಗಾಗಿ ಮಾಡಿದ ‘ಮೆಟ್ರಿಕ್’ ಮಾದರಿ ಇದರ ಬುನಾದಿ. ಅದರ ತಿರುಳು ಇಷ್ಟು: ಪ್ರತಿ ಭಾಗವೂ ಶೇ ಇಷ್ಟು ಸಿಗಬೇಕು ಅಂತ ನೋಡಬೇಡ, ಮುಂದಿನ ಒಂದು ರೂಪಾಯಿಯನ್ನು ಯಾವ ಭಾಗಕ್ಕೆ ಹಾಕಿದರೆ ಭಾಗವಿಲ್ಲದೆ ವಿಮಾನ ನಿಂತಿರುವ ದಿನಗಳು ಅತಿ ಹೆಚ್ಚು ಇಳಿಯುತ್ತವೆ ಅಂತ ನೋಡು. ಐವತ್ತು ಲಕ್ಷದ ಪಂಪಿನ ಜೊತೆ ಐದು ಸಾವಿರದ ಸೀಲನ್ನು ಹೋಲಿಸಿದರೆ ಬಹುತೇಕ ಸಲ ಸೀಲೇ ಗೆಲ್ಲುತ್ತದೆ. ಎರಡನೇ ಪ್ರಶ್ನೆ, ಅದನ್ನು ಹಡಗಿನಲ್ಲಿಡಬೇಕೋ ನೆಲೆಯ ಉಗ್ರಾಣದಲ್ಲೋ ಅನ್ನುವುದು. ಈ ಲೆಕ್ಕ ತಪ್ಪಿದಾಗಲೇ ಒಂದು ಹಡಗಿನ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುವ ಪರಿಪಾಠ ಶುರುವಾಗುವುದು, ಒಂದೇ ಭಾಗಕ್ಕೆ ಎರಡು ಸಲ ಬಿಚ್ಚಿ ಎರಡು ಸಲ ಕೂರಿಸುವ ಕೂಲಿ.

ನೌಕಾಪಡೆಯಲ್ಲಿ ಇದನ್ನು ನಿಜವಾಗಿ ಬಳಸಿ ನೋಡಿದವರು ಯಾರು?

ಈ ಗಣಿತದ ಬುಡದಲ್ಲಿರುವ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುವುದರ ಹೆಸರೇ ಸೇನೆಯದು. ಜಾರ್ಜ್ ಡ್ಯಾಂಟ್ಜಿಗ್ 1947ರಲ್ಲಿ ಅದನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದದ್ದು ಅಮೆರಿಕದ ವಾಯುಪಡೆಯ ಯೋಜನಾ ಕೆಲಸದಲ್ಲಿದ್ದಾಗ. ‘ಪ್ರೋಗ್ರಾಂ’ ಅಂದರೆ ಅವರಿಗೆ ತರಬೇತಿ, ಪೂರೈಕೆಯ ವೇಳಾಪಟ್ಟಿ, ಕಂಪ್ಯೂಟರ್ ಪ್ರೋಗ್ರಾಂ ಅಲ್ಲ. ಹಡಗುಗಳ ವಿಷಯಕ್ಕೆ ಬಂದರೆ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿರುವ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್‌ನದು ದೊಡ್ಡ ಹೆಸರು. ಅಲ್ಲಿನ ಜೆರಾಲ್ಡ್ ಬ್ರೌನ್, ಕೆವಿನ್ ವುಡ್ ಮೊದಲಾದವರು 1990ರಲ್ಲಿ ಅಟ್ಲಾಂಟಿಕ್ ನೌಕಾಪಡೆಯ ನೂರಕ್ಕೂ ಹೆಚ್ಚು ಯುದ್ಧನೌಕೆಗಳ ವಾರ್ಷಿಕ ವೇಳಾಪಟ್ಟಿಯ ಮಾದರಿ ಪ್ರಕಟಿಸಿದರು. ಭಾರತದಲ್ಲಿ ಡಿಆರ್‌ಡಿಒದ ದೆಹಲಿಯ ಸಂಸ್ಥೆ ಇಸ್ಸಾ ಸೇನಾಪಡೆಗಳಿಗಾಗಿ ಇಂಥ ವಿಶ್ಲೇಷಣೆಯ ಕೆಲಸ ಮಾಡುತ್ತದೆ.

ಕಂಪ್ಯೂಟರ್ ಕೊಟ್ಟ ಯೋಜನೆಯನ್ನು ಹಡಗಿನವರು ಒಪ್ಪುತ್ತಾರೆಯೇ?

ಮೊದಲ ಸಲ ಒಪ್ಪಬಹುದು. ಮುಂದಿನ ತಿಂಗಳು ಒಂದು ಹಡಗು ಒಂದು ವಾರ ತಡವಾಯಿತು ಅಂತ ಮತ್ತೆ ಲೆಕ್ಕ ಹಾಕಿದಾಗ ಸಾಲ್ವರ್ (ಮಾದರಿಯ ಲೆಕ್ಕ ಬಿಡಿಸುವ ಸಾಫ್ಟ್‌ವೇರ್) ಎಲ್ಲವನ್ನೂ ಉಲ್ಟಾಪಲ್ಟಾ ಮಾಡಿ ಇನ್ನೊಂದು ‘ಅತ್ಯುತ್ತಮ’ ಕೊಡುತ್ತದೆ. ಲಾಭ ಕಾಲು ಪರ್ಸೆಂಟ್. ಅಷ್ಟಕ್ಕಾಗಿ ಹದಿನಾಲ್ಕು ಹಡಗುಗಳ ಸಿಬ್ಬಂದಿಯ ರಜೆ, ಗೊತ್ತಾಗಿದ್ದ ಮದುವೆ, ಮಕ್ಕಳ ಶಾಲೆ ಎಲ್ಲ ತಲೆಕೆಳಗು. ಎರಡು ಸಲ ಹೀಗಾದರೆ ಆ ಸಾಫ್ಟ್‌ವೇರನ್ನು ಯಾರೂ ತೆರೆಯುವುದಿಲ್ಲ.

ಮಾಂಟೆರೆಯವರೇ ಇದಕ್ಕೆ ಮದ್ದು ಹೇಳಿದ್ದಾರೆ, ‘ಪರ್ಸಿಸ್ಟೆನ್ಸ್’ ಅಂತ. ಹಳೆಯ ಯೋಜನೆಯಿಂದ ಸರಿದ ಪ್ರತಿ ಬದಲಾವಣೆಗೂ ಗುರಿಸೂತ್ರದಲ್ಲಿ ದಂಡ ಹಾಕುವುದು. ಮುಂದಿನ ಮೂರು ತಿಂಗಳದ್ದಕ್ಕೆ ಭಾರಿ ದಂಡ, ಎರಡು ವರ್ಷದಾಚೆಯದ್ದಕ್ಕೆ ನಾಮಮಾತ್ರ. ಆಗ ತೀರಾ ಅಗತ್ಯವಿದ್ದರೆ ಮಾತ್ರ ಹತ್ತಿರದ ದಿನಾಂಕ ಅಲುಗುತ್ತದೆ. ನನ್ನ ಮಟ್ಟಿಗೆ ಇದಿಲ್ಲದ ಮಾದರಿ ಪ್ರದರ್ಶನಕ್ಕಷ್ಟೇ.

ತರಬೇತಿಯನ್ನು ‘ಸಾಧ್ಯವಾದರೆ ಮಾಡು’ ಅಂತ ಸಡಿಲವಾಗಿ ಇಟ್ಟರೆ ಏನಾಗುತ್ತದೆ?

ಮಾದರಿ ಅದನ್ನು ತಿಂದುಹಾಕುತ್ತದೆ. ಮನುಷ್ಯರೂ ಹಾಗೇ ಮಾಡುತ್ತಾರೆ. 2017ರ ಜೂನ್ 17ರಂದು ಅಮೆರಿಕದ ಫಿಟ್ಸ್‌ಜೆರಾಲ್ಡ್ ನೌಕೆ ಜಪಾನ್ ಬಳಿ ಸರಕು ಹಡಗಿಗೆ ಡಿಕ್ಕಿಯಾಗಿ ಏಳು ಜನ ಸತ್ತರು. ಆಗಸ್ಟ್ 21ರಂದು ಸಿಂಗಾಪುರದ ಬಳಿ ಜಾನ್ ಎಸ್. ಮೆಕೇನ್ ನೌಕೆಗೂ ಹೀಗೇ ಡಿಕ್ಕಿ, ಹತ್ತು ಜನ. ಜಪಾನಿನಲ್ಲಿ ನೆಲೆಯಿದ್ದ ಕ್ರೂಸರ್ ಮತ್ತು ಡಿಸ್ಟ್ರಾಯರ್ ಸಿಬ್ಬಂದಿಯ ಯುದ್ಧ ಪ್ರಮಾಣಪತ್ರಗಳಲ್ಲಿ ಶೇ 37 ಆ ಜೂನ್ ಹೊತ್ತಿಗೆ ಅವಧಿ ಮೀರಿದ್ದವು ಅಂತ ಜಿಎಒ ಹೇಳಿತು. ಆ ಹಡಗುಗಳ ವೇಳಾಪಟ್ಟಿಯಲ್ಲಿ ತರಬೇತಿಗೆಂದೇ ಮೀಸಲಿಟ್ಟ ಅವಧಿ ಇರಲಿಲ್ಲ. ಕಡಲಿಗೆ ಕರೆ ಬಂದಾಗಲೆಲ್ಲ ಹೊರಟರು, ಕಲಿಯುವುದು ಹಿಂದೆ ಬಿತ್ತು. ಹಾಗಾಗಿ ಯಾವ ನಿರ್ಬಂಧ ಮುರಿಯಲಾಗದ್ದು, ಯಾವುದು ದಂಡ ಕಟ್ಟಿ ಮುರಿಯಬಹುದಾದ್ದು ಅನ್ನುವ ತೀರ್ಮಾನವನ್ನು ಪ್ರೋಗ್ರಾಮರಿಗೆ ಬಿಡಬಾರದು. ಅದರ ಕೆಳಗೆ ಹಿರಿಯ ಅಧಿಕಾರಿಯ ಸಹಿ ಇರಬೇಕು.

ಎಐ ಬಂದಿದೆಯಲ್ಲ, ಇನ್ನು ಇದೆಲ್ಲ ಯಾಕೆ?

ಎರಡಕ್ಕೂ ಕೆಲಸ ಬೇರೆ. ಹಳೆಯ ದಾಖಲೆ ನೋಡಿ ‘ಇಂಥ ಹಡಗಿನ ರಿಪೇರಿ ಇಷ್ಟು ತಡವಾಗಬಹುದು’ ಅಂತ ಅಂದಾಜಿಸಲು ಮೆಷಿನ್ ಲರ್ನಿಂಗ್ ಒಳ್ಳೆಯದು. ಆ ಅಂದಾಜು ಕೈಗೆ ಬಂದ ಮೇಲೆ ಯಾರನ್ನು ಮೊದಲು ಡಾಕ್‌ಗೆ ಏರಿಸಬೇಕು ಅನ್ನುವುದು ಆಪ್ಟಿಮೈಸೇಶನ್ ಕೆಲಸ.

ಇನ್ನೊಂದು ಡಾಕ್ ಕಟ್ಟಿದರೆ ಎಷ್ಟು ಲಾಭ ಅಂತ ಇದರಿಂದ ಗೊತ್ತಾಗುತ್ತದೆಯೇ?

ನನ್ನ ಲೆಕ್ಕದಲ್ಲಿ ಇದರ ಅತಿ ದೊಡ್ಡ ಉಪಯೋಗವೇ ಅದು. ಒಂದು ಡಾಕ್ ಇಟ್ಟು ಒಮ್ಮೆ, ಎರಡಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ, ವ್ಯತ್ಯಾಸ ನೋಡಿ. ಕೆಲವೊಮ್ಮೆ ಡಾಕ್ ಹೆಚ್ಚಿಸಿದರೂ ಕೊರತೆ ಇಳಿಯುವುದಿಲ್ಲ, ವೆಲ್ಡರ್ ತಂಡ ಒಂದನ್ನು ಸೇರಿಸಿದರೆ ಇಳಿಯುತ್ತದೆ. ಅಮೆರಿಕ 2018ರಲ್ಲಿ ತನ್ನ ನಾಲ್ಕು ಯಾರ್ಡುಗಳ ನವೀಕರಣಕ್ಕೆ 20 ವರ್ಷ, 2,100 ಕೋಟಿ ಡಾಲರಿನ ಅಂದಾಜು ಹಾಕಿತು. ಅಂಥ ಮೊತ್ತದ ಮುಂದೆ ಇಂಥ ಲೆಕ್ಕದ ಖರ್ಚು ಏನೂ ಅಲ್ಲ.

ನಾನು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ದುಡ್ಡು ಕೊಡಬೇಕಿಲ್ಲ. ಹೈಸ್ (HiGHS), ಓಆರ್-ಟೂಲ್ಸ್ (OR-Tools) ಅನ್ನುವ ಸಾಲ್ವರ್‌ಗಳು ಎರಡೂ ಉಚಿತ, ಎರಡನ್ನೂ ಪೈಥಾನ್‌ನಿಂದ ಬಳಸಬಹುದು. ಮೇಲಿನ ಮೂರು ಹಡಗಿನ ಲೆಕ್ಕವನ್ನು ಮೊದಲು ಗೆರೆ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಿ, ಆಮೇಲೆ ಸಾಲ್ವರಿಗೆ ಕೊಡಿ, ಎರಡೂ ಉತ್ತರ ತಾಳೆಯಾಗುತ್ತವೆಯೇ ನೋಡಿ. ಆಮೇಲೆ ಶರಾವತಿಯ ರಿಪೇರಿಗೆ ಎರಡು ಕಂತು, ಮೂರು ಕಂತು, ನಾಲ್ಕು ಕಂತು ಅಂತ ಮೂರು ಸಾಧ್ಯತೆ ಕೊಟ್ಟು ಮತ್ತೆ ಓಡಿಸಿ. ಹಡಗು ಆರಾದರೆ ಒಂದೇ ಡಾಕ್‌ಗೆ 720 ಸರದಿ. ಪೆನ್ಸಿಲ್ ಕೆಳಗಿಡುವುದು ಅಲ್ಲಿಯೇ.